ಮಡ್ಲು ಮಾಡಿನ ಬೆತ್ಲೆಹೇಮ್

ಡಿಸೆಂಬರ್ ಎರಡನೇ ವಾರ ಬಂತೆಂದರೆ ಕಾರವಾರದ ಕ್ರೈಸ್ತ ಮನೆಗಳಲ್ಲಿ ರಾಗಿ ನೆನೆಹಾಕುತ್ತಾರೆ. ತಿನ್ನುವುದಕ್ಕಲ್ಲ, ಬಿತ್ತುವುದಕ್ಕೆ. ರಾತ್ರಿಯಿಡೀ ನೆನೆದ ಕಾಳನ್ನು ಬಟ್ಟೆಯಲ್ಲಿ ಕಟ್ಟಿಟ್ಟು, ಬಿಳಿ ಮೊಳಕೆ ಇಣುಕಿದ ಮೇಲೆ ಹಳೆಯ ತಾಟು, ತೆಂಗಿನ ಗೆರಟೆ, ಬಿಸ್ಕತ್ತು ಡಬ್ಬಿಯ ಮುಚ್ಚಳ ಹೀಗೆ ಕೈಗೆ ಸಿಕ್ಕಿದ್ದರಲ್ಲಿ ತೆಳ್ಳಗೆ ಮಣ್ಣು ಹರಡಿ ಒತ್ತೊತ್ತಾಗಿ ಉದುರಿಸುತ್ತಾರೆ. ನೀರನ್ನು ಬೆರಳ ತುದಿಯಿಂದಲೇ ಚಿಮುಕಿಸಬೇಕು. ತಂಬಿಗೆಯಿಂದ ಹೊಯ್ದರೆ ಕಾಳೆಲ್ಲ ಒಂದು ಮೂಲೆಗೆ ಸರಿದು ಗುಡ್ಡೆಯಾಗುತ್ತದೆ. ಪೂರ್ತಿ ನೆರಳಿನಲ್ಲಿಟ್ಟರೆ ಎಸಳು ಹಳದಿಯಾಗುತ್ತದೆ, ಮಧ್ಯಾಹ್ನದ ಬಿಸಿಲಿಗೆ ಸಿಕ್ಕರೆ ಬಾಡುತ್ತದೆ. ಬೆಳಗಿನ ಎಳೆಬಿಸಿಲು ತಾಗಿದರೆ ಸಾಕು. 24ನೇ ತಾರೀಖಿನ ಹೊತ್ತಿಗೆ ಬೆರಳುದ್ದದ ಹಸಿರು ಎದ್ದು ನಿಲ್ಲುತ್ತದೆ. ಅದೇ ಗೋದಲಿಯ, ಅಂದರೆ ಕ್ರಿಸ್‌ಮಸ್‌ಗೆ ಕಟ್ಟುವ ಯೇಸು ಹುಟ್ಟಿದ ಕೊಟ್ಟಿಗೆಯ, ಹುಲ್ಲುಗಾವಲು. ಮಣ್ಣಿನ ಕುರಿಗಳು ಮೇಯಲು ನಿಲ್ಲುವುದು ಅಲ್ಲಿ.

ಹಬ್ಬ ನೋಡಲು ಹೋದವರ ಕಣ್ಣು ಮೊದಲು ಬೀಳುವುದು ನಕ್ಷತ್ರದ ಮೇಲೆ, ಬಣ್ಣದ ದೀಪದ ಸರದ ಮೇಲೆ. ನನಗೆ ಮಾತ್ರ ಗೋದಲಿಯಲ್ಲಿ ಎಲ್ಲಕ್ಕಿಂತ ಮುಖ್ಯವೆನಿಸುವುದು ಈ ರಾಗಿ ತಾಟು. ಅಂಗಡಿಯಲ್ಲಿ ಅದು ಸಿಗುವುದಿಲ್ಲ. ಹಬ್ಬದ ಹಿಂದಿನ ದಿನ ನೆನಪಾದರೆ ಪ್ರಯೋಜನವಿಲ್ಲ. ಹತ್ತು ಹನ್ನೆರಡು ದಿನ ಮುಂಚೆಯೇ ಯಾರಾದರೂ ಅದರ ಕಾಳಜಿ ಹೊತ್ತಿರಬೇಕು. ಹೆಚ್ಚಿನ ಮನೆಗಳಲ್ಲಿ ಅದು ಅಜ್ಜಿಯ ಕೆಲಸ, ನೀರು ಚಿಮುಕಿಸುವುದು ಮೊಮ್ಮಕ್ಕಳ ಪಾಲಿಗೆ.

ಗೋದಲಿ ಕಟ್ಟುವ ಕೆಲಸ ಹುಡುಗರದು. ಕೋಡಿಬಾಗ, ಸುಂಕೇರಿ, ಬಿಣಗಾ, ಸದಾಶಿವಗಡ, ಅಂಕೋಲಾ ಕಡೆಯ ಅವರ್ಸಾ ಹೀಗೆ ಕ್ರೈಸ್ತರ ವಾಡೆಗಳಿದ್ದಲ್ಲೆಲ್ಲ ಸಾಮಾನು ಹುಡುಕುವ ಓಡಾಟ ಶುರುವಾಗುತ್ತದೆ. ಮನೆಯ ಕೊಂಕಣಿಯಲ್ಲಿ ಅದನ್ನು ಗೊಟೊ ಎನ್ನುತ್ತಾರೆ. ಮೊದಲು ಬಿದಿರಿನ ಚೌಕಟ್ಟು. ಮಾಡಿಗೆ ತೆಂಗಿನ ಮಡ್ಲು ಹೆಣೆದ ತಟ್ಟಿ, ಅದರ ಮೇಲೆ ಭತ್ತದ ಹುಲ್ಲು. ಬೆನ್ನ ಹಿಂದೆ ಗುಡ್ಡ ಬೇಕು. ಸಿಮೆಂಟ್ ಚೀಲದ ದಪ್ಪ ಕಾಗದವನ್ನು ಮುದುಡಿ, ಮೈದಾ ಅಂಟಿನಲ್ಲಿ ಅದ್ದಿ, ಬಿದಿರ ಚೌಕಟ್ಟಿನ ಮೇಲೆ ಹೊದೆಸಿ ಒಣಗಿಸಿದರೆ ಬಂಡೆಗಲ್ಲಿನ ಮುಖ ಬರುತ್ತದೆ. ಮೇಲೆ ಕಪ್ಪು, ಬೂದು, ಕಾವಿ ಬಣ್ಣವನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸಿಡಿಸುತ್ತಾರೆ. ಕೆರೆಗೆ ಕನ್ನಡಿ ಚೂರು, ದಾರಿಗೆ ಕಡಲ ದಂಡೆಯ ಮರಳು, ಮರಕ್ಕೆ ಗಾಳಿಮರದ ಟೊಂಗೆ. ಪಾಚಿ ತರುವುದು ಮಾತ್ರ ಸುಲಭವಲ್ಲ. ಮಳೆಗಾಲದಲ್ಲಿ ಚಿರೆಕಲ್ಲಿನ ಕಂಪೌಂಡ್ ಗೋಡೆಗಳ ಮೇಲೆಲ್ಲ ಹಸಿರಾಗಿದ್ದ ಪಾಚಿ ಡಿಸೆಂಬರಿಗೆ ಒಣಗಿ ಕಪ್ಪಾಗಿರುತ್ತದೆ. ಜೀವಂತ ಪಾಚಿ ಬೇಕಾದರೆ ಬಾವಿಯ ಒಳಗೋಡೆಗೆ ಕೈಚಾಚಬೇಕು. ಊರಿನ ಯಾವ ಬಾವಿಗೆ ಬಿಸಿಲು ಬೀಳುವುದಿಲ್ಲ ಎಂಬುದು ಗೋದಲಿ ಕಟ್ಟುವ ಹುಡುಗರಿಗೆ ಚೆನ್ನಾಗಿ ಗೊತ್ತು.

ಗೋದಲಿಯಲ್ಲಿ ಎತ್ತು ಮತ್ತು ಕತ್ತೆ ಇಲ್ಲದಿದ್ದರೆ ಅದು ಪೂರ್ಣವಲ್ಲ ಎಂದು ಎಲ್ಲರೂ ನಂಬುತ್ತಾರೆ. ಆದರೆ ಸುವಾರ್ತೆಗಳಲ್ಲಿ ಅವೆರಡರ ಸುದ್ದಿಯೇ ಇಲ್ಲ. ಛತ್ರದಲ್ಲಿ ಸ್ಥಳ ಸಿಗದೆ ತಾಯಿ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಮೇವಿನ ತೊಟ್ಟಿಯಲ್ಲಿ ಮಲಗಿಸಿದಳು ಎಂದಷ್ಟೇ ಲೂಕ ಬರೆಯುತ್ತಾನೆ. ಕುರುಬರು ಬಂದದ್ದೂ ಅವನಲ್ಲೇ ಇದೆ. ಪೂರ್ವ ದೇಶದ ಜ್ಞಾನಿಗಳು ಬಂದ ಕಥೆ ಮತ್ತಾಯನದು. ಅವರು ಮೂವರು ಎಂದು ಅವನೂ ಹೇಳಿಲ್ಲ, ಕಾಣಿಕೆ ಮೂರಾದ್ದರಿಂದ ಜನ ಲೆಕ್ಕ ಹಾಕಿಕೊಂಡದ್ದು. ಎತ್ತಿಗೆ ತನ್ನ ಒಡೆಯ ಗೊತ್ತು, ಕತ್ತೆಗೆ ಯಜಮಾನನ ತೊಟ್ಟಿ ಗೊತ್ತು ಎಂಬ ಅರ್ಥದ ಮಾತು ಹಳೆಯ ಒಡಂಬಡಿಕೆಯ ಯೆಶಾಯನ ಗ್ರಂಥದಲ್ಲಿದೆ. ಅದನ್ನು ಹಿಡಿದುಕೊಂಡು ಕಲಾವಿದರು ಅವೆರಡನ್ನೂ ಕೂಸಿನ ಬಳಿಗೆ ಕರೆತಂದರು. ನಾಲ್ಕನೇ ಶತಮಾನದ ರೋಮನ್ ಕಲ್ಲಿನ ಶವಪೆಟ್ಟಿಗೆಗಳ ಮೇಲಿನ ಕೆಲವು ಕೆತ್ತನೆಗಳಲ್ಲಿ ಮರಿಯಾ ಇಲ್ಲ, ಜೋಸೆಫ್ ಇಲ್ಲ. ಇರುವುದು ಕೂಸು, ಎತ್ತು, ಕತ್ತೆ. ಈ ಚಿತ್ರದಲ್ಲಿ ತಾಯಿಗಿಂತ ಮೊದಲು ಜಾಗ ಹಿಡಿದದ್ದು ದನ ಎಂಬುದು ದನ ಕಟ್ಟಿ ಬದುಕಿದ ನಮ್ಮಂಥ ಊರಿನವರಿಗೆ ಬಹಳ ಆಪ್ತವಾದ ಸಂಗತಿ.

ಗೋದಲಿ ಕಟ್ಟಿ ಜನರಿಗೆ ತೋರಿಸುವ ಪದ್ಧತಿಗೆ ಎಲ್ಲರೂ ಹೇಳುವ ಆರಂಭ 1223ರದು. ಇಟಲಿಯ ಗ್ರೆಚ್ಚೊ ಎಂಬ ಬೆಟ್ಟದೂರು. ಅಸಿಸ್ಸಿಯ ಸಂತ ಫ್ರಾನ್ಸಿಸ್ ಹಬ್ಬಕ್ಕೆ ಸುಮಾರು ಹದಿನೈದು ದಿನ ಮುಂಚೆ ತನ್ನ ಗೆಳೆಯ ಜೊವಾನ್ನಿ ಎಂಬಾತನನ್ನು ಕರೆದು, ಕೂಸು ಪಟ್ಟ ಕಷ್ಟವನ್ನು ಕಣ್ಣಾರೆ ನೋಡಬೇಕು, ಒಂದು ತೊಟ್ಟಿ, ಹುಲ್ಲು, ಎತ್ತು, ಕತ್ತೆ ಸಿದ್ಧಮಾಡು ಎಂದ. ವಿಗ್ರಹಗಳಿರಲಿಲ್ಲ. ವೇಷ ಕಟ್ಟಿದವರೂ ಇರಲಿಲ್ಲ. ಬಂಡೆಯ ಗವಿಯಲ್ಲಿ ತೊಟ್ಟಿಯ ಮೇಲೆಯೇ ಬಲಿಪೂಜೆ, ಅಂದರೆ ಮಾಸ್, ನಡೆಯಿತು, ಊರವರು ದೀವಟಿಗೆ ಹಿಡಿದು ಬಂದರು. ಕೆಲವೇ ವರ್ಷಗಳಲ್ಲಿ ಫ್ರಾನ್ಸಿಸನ ಜೀವನ ಚರಿತ್ರೆ ಬರೆದ ಚೆಲಾನೊ ಊರಿನ ಥಾಮಸ್ ಇದನ್ನು ದಾಖಲಿಸಿದ್ದಾನೆ. ಆ ತೊಟ್ಟಿಯ ಹುಲ್ಲನ್ನು ಜನ ಎತ್ತಿಟ್ಟುಕೊಂಡರು, ಕಾಯಿಲೆ ಬಿದ್ದ ದನಕರುಗಳಿಗೆ ತಿನ್ನಿಸಿದಾಗ ಅವು ಗುಣವಾದವು ಎಂದೂ ಬರೆಯುತ್ತಾನೆ. ಅವನ ಬರಹದಲ್ಲಿ ನನ್ನ ಮನಸ್ಸು ನಿಲ್ಲುವುದು ಈ ಮಾತಿನ ಮೇಲೆ. ದೇವರ ಹುಟ್ಟನ್ನು ನೋಡಿ ಮನೆಗೆ ಮರಳಿದ ರೈತನಿಗೆ ಮೊದಲು ನೆನಪಾದದ್ದು ಹಟ್ಟಿಯಲ್ಲಿ ಮಲಗಿದ್ದ ಹಸು. ರೋಮ್ ನಗರದ ಸಾಂತಾ ಮರಿಯಾ ಮಜ್ಜೊರೆ ಚರ್ಚಿನಲ್ಲಿ ಅರ್ನೊಲ್ಫೊ ದಿ ಕಾಂಬಿಯೊ ಅಮೃತಶಿಲೆಯ ಗೋದಲಿ ಕೆತ್ತಿದ್ದು 1291ರ ಸುಮಾರಿಗೆ. ಅದನ್ನು ಮಾಡಿಸಿದ ನಾಲ್ಕನೇ ನಿಕೊಲಾಸ್, ಫ್ರಾನ್ಸಿಸ್ಕನ್ ಸಭೆಯಿಂದ ಬಂದ ಮೊದಲ ಪೋಪ್.

ಕಾರವಾರದವರು ಗ್ರೆಚ್ಚೊ ಎಲ್ಲೋ ದೂರದಲ್ಲಿದೆ ಎಂದುಕೊಳ್ಳಬೇಕಿಲ್ಲ. ಬಿಣಗಾ ಬದಿಯ ಕಡಲಲ್ಲಿ ಅಂಜದೀವ್ ದ್ವೀಪವಿದೆ. ಆಡಳಿತಕ್ಕೆ ಗೋವಾಕ್ಕೆ ಸೇರಿದ್ದರೂ ಕಣ್ಣಿಗೆ ಕಾಣುವುದು ನಮ್ಮ ದಂಡೆಗೇ. 1498ರಲ್ಲಿ ಮರಳಿ ಹೋಗುವಾಗ ವಾಸ್ಕೊ ಡ ಗಾಮ ಅಲ್ಲಿ ಹಡಗು ರಿಪೇರಿಗೆ ತಂಗಿದ್ದ. 1500ರ ಆಗಸ್ಟಿನಲ್ಲಿ ಪೋರ್ಚುಗೀಸ್ ನಾವಿಕ ಕಾಬ್ರಾಲನ ಹಡಗುಗಳು ಕಲ್ಲಿಕೋಟೆಗೆ ಹೋಗುವ ಮೊದಲು ಅಲ್ಲಿ ಲಂಗರು ಹಾಕಿದ್ದವು. ಆ ಹಡಗುಗಳಲ್ಲಿ ಫ್ರೈ ಹೆನ್ರಿಕ್ ಎಂಬ ಕೊಯಿಂಬ್ರದ ಸನ್ಯಾಸಿಯ ನೇತೃತ್ವದಲ್ಲಿ ಫ್ರಾನ್ಸಿಸ್ಕನ್ ಪಾದ್ರಿಗಳ ಒಂದು ತಂಡವಿತ್ತು. ಅಂದರೆ ಗೋದಲಿ ಕಟ್ಟುವ ಪದ್ಧತಿಯನ್ನು ಯುರೋಪಿನ ಊರೂರಿಗೆ ಒಯ್ದ ಸಭೆಯವರೇ, ಗೋವಾ ಪೋರ್ಚುಗೀಸರ ಕೈಸೇರುವ ಹತ್ತು ವರ್ಷ ಮುಂಚೆ ಕಾರವಾರದ ಎದುರಿನ ದ್ವೀಪದಲ್ಲಿ ಇಳಿದಿದ್ದರು. 1505ರಲ್ಲಿ ಪೋರ್ಚುಗೀಸ್ ವೈಸರಾಯ್ ಅಲ್ಮೇಡಾ ಅಲ್ಲಿ ಕೋಟೆ ಕಟ್ಟಿಸಿದ. ದ್ವೀಪದಲ್ಲಿ ಚಿಲುಮೆಗಳ ಮಾತೆಯ ಇಗರ್ಜಿಯೊಂದಿಗೆ ಅಸಿಸ್ಸಿಯ ಫ್ರಾನ್ಸಿಸನ ಹೆಸರಿನಲ್ಲೇ ಒಂದು ಚಿಕ್ಕ ಚಾಪೆಲ್ ಇದೆ. ಮಾತೆಯ ಹಬ್ಬ ಫೆಬ್ರುವರಿ 2ಕ್ಕೆ, ಫ್ರಾನ್ಸಿಸನ ಹಬ್ಬ ಅಕ್ಟೋಬರ್ 4ಕ್ಕೆ. ದೋಣಿಯಲ್ಲಿ ಜನ ಹೋಗಿಬರುತ್ತಿದ್ದ ಕಾಲವೊಂದಿತ್ತು. ಸೀಬರ್ಡ್ ನೌಕಾನೆಲೆಯ ಸುಪರ್ದಿಗೆ ಬಂದ ಮೇಲೆ ಸಾರ್ವಜನಿಕರಿಗೆ ಆ ದಾರಿ ಮುಚ್ಚಿದೆ.

ಆಮೇಲೆ ಗೋವಾದಿಂದ ಕಾಳಿ ನದಿ ದಾಟಿ ದಕ್ಷಿಣಕ್ಕೆ ಬಂದ ಕೊಂಕಣಿ ಕುಟುಂಬಗಳು ಹೊತ್ತು ತಂದದ್ದು ಜಪಮಾಲೆ, ನೆವ್ರಿ–ದೋದೊಲ್ ತಿಂಡಿಗಳ ಜೊತೆಗೆ ಗೊಟೊ ಕಟ್ಟುವ ರೂಢಿಯನ್ನೂ. 1976ರಲ್ಲಿ ಕಾರವಾರವೇ ಪ್ರತ್ಯೇಕ ಧರ್ಮಪ್ರಾಂತ್ಯವಾಯಿತು. ಮಾತೆಯ ಸ್ವರ್ಗಾರೋಹಣದ ಹೆಸರಿನ ಇಲ್ಲಿಯ ಚರ್ಚು ಕೆಥೆಡ್ರಲ್ ಎನಿಸಿತು. ಆದರೆ ಗೋದಲಿ ಹೊರಗಿನಿಂದ ಬಂದ ವಸ್ತು ಎಂದು ಅಲ್ಲಿಗೇ ಮಾತು ಮುಗಿಸುವುದಕ್ಕೆ ನಾನು ಒಪ್ಪುವುದಿಲ್ಲ. ಬಂದ ಬೀಜ ಬೇರು ಬಿಡಲು ಇಲ್ಲಿ ನೆಲ ಹದವಾಗಿಯೇ ಇತ್ತು.

ದೀಪಾವಳಿಯನ್ನು ನೋಡಿ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಅದು ದೊಡ್ಡಹಬ್ಬ. ಪಾಡ್ಯದ ದಿನ ಬಲೀಂದ್ರನ ಪೂಜೆಯೊಂದಿಗೆ ಕೊಟ್ಟಿಗೆಗೂ ಹಬ್ಬ. ದನಗಳ ಮೈ ತೊಳೆದು, ಕೊರಳಿಗೆ ಹಾರ ಹಾಕಿ, ತಿನ್ನಲು ಕೊಟ್ಟು, ಆರತಿ ಎತ್ತುತ್ತಾರೆ. ಗಡಿಯಾಚೆ ಗೋವಾ ಮತ್ತು ದಕ್ಷಿಣ ಕೊಂಕಣದ ಹಿಂದೂ ಮನೆಗಳಲ್ಲಿ ಅದೇ ದಿನ ಅಂಗಳದಲ್ಲಿ ಸೆಗಣಿಯಿಂದ ಪುಟ್ಟ ಕೊಟ್ಟಿಗೆ ಕಟ್ಟುತ್ತಾರೆ. ನಾವು ನರಕ ಚತುರ್ದಶಿಯಂದು ಕಾಲಡಿಯಲ್ಲಿ ಒಡೆಯುವ ಹಿಂಡ್ಲೆಕಾಯಿಗೆ ಕಡ್ಡಿ ಚುಚ್ಚಿ ಕಾಲು ಮಾಡಿ ದನವೆಂದು ನಿಲ್ಲಿಸುತ್ತಾರೆ. ಗೋಪಾಲ ಕೃಷ್ಣ ಅದರ ಒಡೆಯ. ಮಕ್ಕಳೇ ಅದರ ಶಿಲ್ಪಿಗಳು. ದೀಪಾವಳಿ ಕಳೆದು ತಿಂಗಳೊಪ್ಪತ್ತಿಗೆ ಪಕ್ಕದ ಕ್ರೈಸ್ತರ ಕೇರಿಯಲ್ಲಿ ಇನ್ನೊಂದು ಪುಟ್ಟ ಕೊಟ್ಟಿಗೆ ಏಳುತ್ತದೆ. ಬಿದಿರ ಕಡ್ಡಿಗೆ ಬಣ್ಣದ ಕಾಗದ ಅಂಟಿಸಿ ಆಕಾಶಬುಟ್ಟಿ ಮಾಡಿದ ಕೈಗೆ ಐದು ಮೂಲೆಯ ನಕ್ಷತ್ರ ಮಾಡುವುದು ಹೊಸ ವಿದ್ಯೆಯಲ್ಲ.

ರಾಗಿ ತಾಟಿನ ವಿಷಯವೂ ಹೀಗೆಯೇ. ಉತ್ತರ ಕರ್ನಾಟಕ ಮತ್ತು ಕೊಂಕಣದ ಮನೆಗಳಲ್ಲಿ ನವರಾತ್ರಿಗೆ ಘಟ ಕೂರಿಸುವಾಗ ಸುತ್ತ ಮಣ್ಣು ಹಾಕಿ ಧಾನ್ಯ ಬಿತ್ತುತ್ತಾರೆ, ಒಂಬತ್ತು ದಿನದಲ್ಲಿ ಸಸಿ ಏಳುತ್ತದೆ. ಅತ್ತ ಪೋರ್ಚುಗೀಸರ ಮದೀರಾ ದ್ವೀಪದಲ್ಲಿ ಕ್ರಿಸ್‌ಮಸ್ ಗೋದಲಿಗೆಂದು ಚಿಕ್ಕ ಬಟ್ಟಲುಗಳಲ್ಲಿ ಗೋಧಿ ಬಿತ್ತುವ ರೂಢಿ ಇದೆ. ಫ್ರಾನ್ಸಿನ ಪ್ರೊವಾನ್ಸ್ ಸೀಮೆಯವರು ಡಿಸೆಂಬರ್ 4ರ ಸಂತ ಬಾರ್ಬರಾ ದಿನ ತಟ್ಟೆಗಳಲ್ಲಿ ಗೋಧಿ ಬಿತ್ತುತ್ತಾರೆ. ಪೈರು ನೇರವಾಗಿ, ದಟ್ಟವಾಗಿ ಬಂದರೆ ಮುಂದಿನ ವರ್ಷ ಬೆಳೆ ಚೆನ್ನ ಎಂಬ ನಂಬಿಕೆ. ಕ್ರೊಯೇಷಿಯಾ, ಹಂಗರಿಗಳಲ್ಲಿ ಡಿಸೆಂಬರ್ 13ರ ಸಂತ ಲೂಸಿ ಹಬ್ಬಕ್ಕೆ ಬಿತ್ತನೆ. ಅಲ್ಲೆಲ್ಲ ಹೊರಗೆ ಮಂಜು, ಹೊಲ ಬೋಳು. ಮನೆಯೊಳಗೆ ಒಂದು ಹಿಡಿ ಹಸಿರು ಕಂಡರೆ ಜೀವಕ್ಕೆ ಧೈರ್ಯ. ನಮ್ಮಲ್ಲಿ ಆ ತಿಂಗಳು ಕೊಯ್ಲು ಮುಗಿದು ಗದ್ದೆಯಲ್ಲಿ ಕೂಳೆ ಮಾತ್ರ ಉಳಿದಿರುತ್ತದೆ. ಕಾರವಾರದ ರಾಗಿ ಪೋರ್ಚುಗೀಸರ ಬಟ್ಟಲಿನಿಂದ ಬಂತೋ ನವರಾತ್ರಿಯ ಘಟದಿಂದ ಬಂತೋ ಎಂದು ಬೇರ್ಪಡಿಸಿ ನೋಡುವ ಅಗತ್ಯವಿಲ್ಲ. ಕಾಳು ಮೊಳೆಯಿಸಿ ದೇವರ ಮುಂದಿಡುವ ಅಜ್ಜಿಗೆ ಎರಡೂ ಅಪರಿಚಿತವಾಗಿರಲಿಲ್ಲ.

ಬೇರೆ ಬೇರೆ ದೇಶದವರು ಗೋದಲಿಯನ್ನು ತಮ್ಮದನ್ನಾಗಿ ಮಾಡಿಕೊಂಡ ಬಗೆ ನೋಡಿದರೆ ನಾವು ಎಲ್ಲಿ ನಿಂತಿದ್ದೇವೆ ಎಂಬುದು ತಿಳಿಯುತ್ತದೆ. ಇಟಲಿಯ ನೇಪಲ್ಸ್‌ನವರು ಹದಿನೆಂಟನೇ ಶತಮಾನದಲ್ಲಿ ಬೆತ್ಲೆಹೇಮನ್ನು ತಮ್ಮ ಪೇಟೆಯೊಳಕ್ಕೇ ತಂದುಬಿಟ್ಟರು. ಸುಟ್ಟ ಮಣ್ಣಿನ ತಲೆ, ತಂತಿ–ನಾರಿನ ಮೈ, ರೇಷ್ಮೆ ಬಟ್ಟೆಯ ಗೊಂಬೆಗಳಲ್ಲಿ ಮಾಂಸದಂಗಡಿಯವ, ಹಣ್ಣು ಮಾರುವವಳು, ಖಾನಾವಳಿಯ ಮಾಲೀಕ, ಭಿಕ್ಷುಕ ಎಲ್ಲರೂ ಇದ್ದಾರೆ. ಈ ಜಂಗುಳಿಯ ನಡುವೆ ಕೂಸನ್ನು ಹುಡುಕಿ ನೋಡಬೇಕು. ಇವತ್ತಿಗೂ ಅಲ್ಲಿಯ ಸಾನ್ ಗ್ರೆಗೊರಿಯೊ ಅರ್ಮೆನೊ ಎಂಬ ಓಣಿಯಲ್ಲಿ ವರ್ಷವಿಡೀ ಗೋದಲಿ ಗೊಂಬೆಗಳದೇ ವ್ಯಾಪಾರ.

ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಚರ್ಚುಗಳಿಗೆ ಬೀಗ ಬಿದ್ದು, ಸಾರ್ವಜನಿಕ ಗೋದಲಿ ನಿಂತುಹೋದಾಗ ಮಾರ್ಸೇ ಪಟ್ಟಣದ ಲುಯಿ ಲಾನ್ಯೆಲ್ ಎಂಬ ಕುಶಲಕರ್ಮಿ ಅಚ್ಚು ಮಾಡಿ ಸಣ್ಣ ಮಣ್ಣಿನ ಗೊಂಬೆ ತೆಗೆಯತೊಡಗಿದ. ಅಚ್ಚಿನ ಗೊಂಬೆಯಾದ್ದರಿಂದ ಬೆಲೆ ಕಡಿಮೆ, ಬಡವರ ಮನೆಗೂ ಹೋಯಿತು. ಅವನ ಗೊಂಬೆಗಳು ನೆರೆಹೊರೆಯವರವೇ. ಗಿರಣಿಯವ, ಮೀನು ಮಾರುವವಳು, ಚೂರಿ ಸಾಣೆ ಹಿಡಿಯುವವ, ನೀರು ಹೊರುವವಳು. ಅವರು ಚಿನ್ನ ತರುವುದಿಲ್ಲ. ತಮ್ಮ ಕೈಯಲ್ಲಿದ್ದದ್ದನ್ನು ತರುತ್ತಾರೆ, ಹಿಟ್ಟು, ಮೀನು, ಬೆಳ್ಳುಳ್ಳಿ ಹೆಣಿಗೆ. 1803ರಿಂದ ಮಾರ್ಸೇಯಲ್ಲಿ ಈ ಗೊಂಬೆಗಳ ಜಾತ್ರೆ ನಡೆಯುತ್ತಿದೆ.

ಪೋಲೆಂಡಿನ ಕ್ರಾಕೊವ್ ಕಥೆ ಇನ್ನೂ ಸೊಗಸು. ಚಳಿಗಾಲದಲ್ಲಿ ಅಲ್ಲಿ ಗಾರೆ ಕೆಲಸ ನಡೆಯುವುದಿಲ್ಲ. ಕೂಲಿ ಇಲ್ಲದೆ ಕೂತ ಗಾರೆಯವರು, ಅವರ ಜೊತೆಗಾರರು ಹತ್ತೊಂಬತ್ತನೇ ಶತಮಾನದಲ್ಲಿ ಹೊಳೆಯುವ ಬಣ್ಣದ ಹಾಳೆಯಿಂದ ಗೋದಲಿ ಕಟ್ಟಿ ಮನೆಮನೆಗೆ ಒಯ್ದು ನಾಲ್ಕು ಕಾಸು ಸಂಪಾದಿಸುತ್ತಿದ್ದರು. ಗೋಡೆ ಕಟ್ಟುವ ಕೈಗಳಾದ್ದರಿಂದ ಅವರ ಗೋದಲಿ ಕೊಟ್ಟಿಗೆಯಾಗಲಿಲ್ಲ, ತಮ್ಮ ಊರಿನ ಸಂತ ಮೇರಿ ಚರ್ಚಿನ ಗೋಪುರಗಳಾದವು. 1937ರಲ್ಲಿ ಶುರುವಾದ ಸ್ಪರ್ಧೆ ಈಗಲೂ ಡಿಸೆಂಬರಿನ ಮೊದಲ ಗುರುವಾರ ಮುಖ್ಯ ಚೌಕದಲ್ಲಿ ನಡೆಯುತ್ತದೆ. ಯುನೆಸ್ಕೊ 2018ರಲ್ಲಿ ಈ ಕಲೆಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಇವರೆಲ್ಲರ ಮುಂದೆ ನಮ್ಮ ಕರಾವಳಿಯ ಗೋದಲಿಯನ್ನು ಇಟ್ಟರೆ ಒಂದು ಕೊರತೆ ಎದ್ದು ಕಾಣುತ್ತದೆ. ಮಾಡು ನಮ್ಮದು, ಹುಲ್ಲು ನಮ್ಮದು, ಮರಳು, ಪಾಚಿ, ರಾಗಿ ನಮ್ಮವು. ಒಳಗಿರುವ ಮಂದಿ ಮಾತ್ರ ಇನ್ನೂ ಪರವೂರಿನವರು. ಅಂಗಡಿಯಿಂದ ಬರುವ ಪ್ಲಾಸ್ಟರ್ ಸೆಟ್ಟಿನಲ್ಲಿ ಎಲ್ಲರಿಗೂ ಗುಲಾಬಿ ಕೆನ್ನೆ, ಹೊಂಬಣ್ಣದ ಕೂದಲು, ನೀಲಿ ಕಣ್ಣು. ಕುರುಬನ ಹೆಗಲಮೇಲಿನ ಕುರಿಯೂ ನಾವು ಕಂಡ ಕುರಿಯಲ್ಲ. ಕಾರವಾರದ ಹುಡುಗರು ಗೋದಲಿಯ ಬದಿಗೆ ಕಡಲು ಮಾಡಿ ದೋಣಿ ತೇಲಿಸುವುದುಂಟು, ಕಾಳಿ ಸೇತುವೆ ಕಟ್ಟುವುದುಂಟು. ದೋಣಿ ಇದೆ, ಅದನ್ನು ನಡೆಸುವವನಿಲ್ಲ.

ಇದನ್ನು ಸರಿಪಡಿಸಲು ಯತ್ನಿಸಿದವರು ಪಕ್ಕದಲ್ಲೇ ಇದ್ದರು. 1902ರಲ್ಲಿ ಗೋವಾದಲ್ಲಿ ಹುಟ್ಟಿದ ಆಂಜೆಲೊ ದ ಫೊನ್ಸೆಕಾ ಶಾಂತಿನಿಕೇತನದಲ್ಲಿ ಕಲಿತು ಬಂದು ಮಾತೆ ಮರಿಯಾಳಿಗೆ ಸೀರೆ ಉಡಿಸಿ ಚಿತ್ರ ಬರೆದರು. ಹುಟ್ಟೂರಿನಲ್ಲಿ ಅದಕ್ಕೆ ವಿರೋಧ ಬಂದು ಅವರು ಪುಣೆಯಲ್ಲಿ ನೆಲೆಸಬೇಕಾಯಿತು, 1967ರಲ್ಲಿ ತೀರಿಕೊಂಡರು. ಅವರಿಗೂ ಮೂರು ಶತಮಾನ ಹಿಂದೆ ಗೋವಾದ ದಂತ ಕೆತ್ತನೆಗಾರರು ಬಾಲಯೇಸುವನ್ನು ಕುರುಬ ಹುಡುಗನನ್ನಾಗಿ, ಗುಡ್ಡದ ಮೇಲೆ ಕಣ್ಣು ಮುಚ್ಚಿ ಕೂತು ಯೋಚಿಸುವ ಭಂಗಿಯಲ್ಲಿ ಕಡೆದಿದ್ದರು. ಕೆಳಗೆ ಚಿಲುಮೆ, ನೀರು ಕುಡಿಯುವ ಕುರಿಗಳು, ಮರಗಿಡ. ಆ ಮುಖದಲ್ಲಿ ಧ್ಯಾನಕ್ಕೆ ಕೂತ ಬುದ್ಧನ ಛಾಯೆಯನ್ನು ಕಂಡವರು ಅನೇಕರಿದ್ದಾರೆ.

ಜ್ಞಾನಿಗಳ ವಿಷಯಕ್ಕೆ ಬಂದರೆ ನಮ್ಮ ಜಿಲ್ಲೆಗೆ ಒಂದು ವಿಶೇಷ ಹಕ್ಕಿದೆ. ಮೂವರಲ್ಲಿ ಒಬ್ಬ ಕಪ್ಪು ಮೈಯ ಆಫ್ರಿಕಾದ ಅರಸ. ಯುರೋಪಿನ ಚಿತ್ರಗಳಲ್ಲಿ ಹದಿನೈದನೇ ಶತಮಾನದಿಂದ ಈಚೆಗೆ ಅವನು ಹೀಗೆ ಕಾಣಿಸಿಕೊಳ್ಳುತ್ತಾನೆ, ಹೆಸರು ಬಾಲ್ತಜಾರ್. ಹೆಚ್ಚುಕಡಿಮೆ ಅದೇ ಕಾಲದಿಂದ ಪೋರ್ಚುಗೀಸರು ಆಫ್ರಿಕಾದ ಜನರನ್ನು ಗುಲಾಮರನ್ನಾಗಿ ಹಡಗು ಹತ್ತಿಸಿದರು. ಗೋವಾದಿಂದ ತಪ್ಪಿಸಿಕೊಂಡು ಬಂದವರ ಸಂತತಿ ಎಂದು ಹೇಳಲಾಗುವ ಸಿದ್ದಿಗಳು ನಮ್ಮ ಘಟ್ಟದ ಕಾಡುಗಳಲ್ಲಿ ನೆಲೆಸಿದರು. ಹಳಿಯಾಳ, ಮುಂಡಗೋಡ ಕಡೆ ಕ್ರೈಸ್ತ ಸಿದ್ದಿಗಳಿದ್ದಾರೆ, ಯಲ್ಲಾಪುರ–ಅಂಕೋಲಾ ಕಡೆಯವರು ಹೆಚ್ಚಾಗಿ ಹಿಂದೂಗಳು, ಮುಸ್ಲಿಮರೂ ಇದ್ದಾರೆ. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. ಕಾರವಾರ ಧರ್ಮಪ್ರಾಂತ್ಯದ ಗೋದಲಿಗಳಲ್ಲಿ ಕಪ್ಪು ಅರಸನನ್ನು ಮೂರನೆಯವನೆಂದು ಹಿಂದೆ ನಿಲ್ಲಿಸುವ ಬದಲು ಎಲ್ಲರಿಗಿಂತ ಮುಂದೆ ನಿಲ್ಲಿಸಬೇಕು, ಅವನ ಕೈಗೆ ಸಿದ್ದಿಗಳ ದಮಾಮಿ ಡೋಲು ಕೊಡಬೇಕು ಎಂಬುದು ನನ್ನ ಆಸೆ. ಗೋವಾದ ಚಾಂದೋರ್, ರೈಸ್ ಮಾಗೋಸ್‌ಗಳಲ್ಲಿ ಜನವರಿ 6ರಂದು ಮೂವರು ಹುಡುಗರು ಕಿರೀಟ ತೊಟ್ಟು ರಾಜರಾಗಿ ಬರುತ್ತಾರೆ. ನಮ್ಮಲ್ಲಿ ಅಂಥ ಮೆರವಣಿಗೆಗೆ ಹಳಿಯಾಳಕ್ಕಿಂತ ತಕ್ಕ ಊರು ಯಾವುದಿದೆ?

ಊರಿನ ಕೊಟ್ಟಿಗೆಗಳೇ ಕಾಣೆಯಾಗುತ್ತಿರುವ ಹೊತ್ತಿದು. 1986ರಲ್ಲಿ ಅಡಿಗಲ್ಲು ಬಿದ್ದ ಸೀಬರ್ಡ್ ಯೋಜನೆಗೆ ಕಾರವಾರ–ಅಂಕೋಲಾ ದಂಡೆಯ ಊರುಗಳು ಮನೆ, ಗದ್ದೆ, ತೋಟ ಬಿಟ್ಟುಕೊಟ್ಟವು. ಪುನರ್ವಸತಿಯ ನಿವೇಶನದಲ್ಲಿ ಮನೆ ಕಟ್ಟಬಹುದು, ದನ ಕಟ್ಟಲು, ಹುಲ್ಲಿನ ಕುತ್ರಿ ಹಾಕಲು ಜಾಗ ಸಾಲದು. ಪೇಟೆಯ ಹುಡುಗರು ಗೋದಲಿಗೆ ಹುಲ್ಲು ಬೇಕೆಂದರೆ ಕಡವಾಡ, ಕಿನ್ನರದ ಕಡೆ ಬೈಕ್ ಓಡಿಸಬೇಕು. ಎಷ್ಟೋ ಮಕ್ಕಳು ಮೇವಿನ ತೊಟ್ಟಿ ಎಂಬುದನ್ನು ನೋಡಿರುವುದು ಗೋದಲಿಯಲ್ಲಿ ಮಾತ್ರ. ಮಡ್ಲು ಹೆಣೆಯಲು ಅವರು ಕಲಿಯುವುದೂ ಅಲ್ಲೇ. ಆದ್ದರಿಂದ ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಫೈಬರ್ ಕೊಟ್ಟಿಗೆಯನ್ನು ಪೆಟ್ಟಿಗೆಯಿಂದ ತೆಗೆದು, ಪ್ಲಗ್ ಚುಚ್ಚಿ ಮುಗಿಸಿಬಿಡುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ನಮ್ಮ ಗೋದಲಿಗೆ ನಮ್ಮ ಮಂದಿ ಬರಬೇಕಾದರೆ ದೂರ ಹೋಗಬೇಕಾಗಿಲ್ಲ. ಕಾರವಾರ, ಅಂಕೋಲಾಗಳಲ್ಲಿ ಚೌತಿಗೆ ಗಣಪತಿ ಮಾಡುವ ಕಲಾವಿದರಿದ್ದಾರೆ. ಮಣ್ಣು ಹದಮಾಡುವುದು, ಅಚ್ಚು ತೆಗೆಯುವುದು, ಕಣ್ಣು ಬರೆಯುವುದು ಅವರಿಗೆ ಹೊಸದಲ್ಲ. ಹಬ್ಬ ಮುಗಿದ ಮೇಲೆ ಅವರಿಗೂ ಕ್ರಾಕೊವಿನ ಗಾರೆಯವರಂತೆ ಕೆಲಸ ಕಡಿಮೆ. ಒಂದು ಗೇಣಿನೊಳಗಿನ ಗೊಂಬೆಗಳು ಸಾಕು. ತಲೆಮೇಲೆ ಮೀನಿನ ಬುಟ್ಟಿ ಹೊತ್ತ ಬೈತಖೋಲದ ಹೆಂಗಸು, ಬಲೆ ಹೆಗಲಿಗೇರಿಸಿದ ಮೀನುಗಾರ, ಕೊರಳ ತುಂಬ ಮಣಿಸರ ತೊಟ್ಟು ಅಂಕೋಲಾ ಪೇಟೆಗೆ ಬಸಳೆ, ಹರಿವೆ ತರುವ ಹಾಲಕ್ಕಿ ಅಜ್ಜಿ, ಉಪ್ಪಿನಾಗರದಲ್ಲಿ ಉಪ್ಪು ಎಳೆಯುವ ಆಳು. ಅವರು ಕೂಸಿಗೆ ತರುವ ಕಾಣಿಕೆಯೂ ಅವರದೇ ಆಗಿರಲಿ, ಒಂದು ಹಿಡಿ ಉಪ್ಪು, ಒಂದು ಕಟ್ಟು ಸೊಪ್ಪು, ಎರಡು ಬಂಗಡೆ.

ಗೋದಲಿ ಸ್ಪರ್ಧೆ ಏರ್ಪಡಿಸುವವರಿಗೆ ನನ್ನದೇನೂ ದೊಡ್ಡ ಬೇಡಿಕೆಯಲ್ಲ. ಅಂಕದ ಪಟ್ಟಿಯಲ್ಲಿ ದೀಪಾಲಂಕಾರಕ್ಕೆ ಇಟ್ಟಷ್ಟೇ ಅಂಕವನ್ನು ಹೆಣೆದ ಮಡ್ಲಿಗೆ, ಮನೆಯಲ್ಲಿ ಮೊಳೆಯಿಸಿದ ರಾಗಿಗೆ, ಊರಿನ ಮಣ್ಣಿನಲ್ಲಿ ಮಾಡಿದ ಒಂದೇ ಒಂದು ಗೊಂಬೆಗೆ ಇಡಿ. ಈ ಡಿಸೆಂಬರಿಗೆ ತಡವಾಯಿತು ಎನಿಸಿದರೆ ಮುಂದಿನ ಚೌತಿ ಮುಗಿದ ವಾರವೇ ಗಣಪತಿ ಮಾಡುವವರ ಮನೆಗೆ ಹೋಗಿ ಮೀನುಗಾರ್ತಿಯ ಅಚ್ಚಿಗೆ ಹೇಳಿಬರಬಹುದು. ಒಂದು ಅಚ್ಚು ಸಿದ್ಧವಾದರೆ ವಾಡೆಯ ಎಲ್ಲ ಮನೆಗಳಿಗೂ ಗೊಂಬೆ ತೆಗೆಯಬಹುದು, ಮಾರ್ಸೇಯ ಲಾನ್ಯೆಲ್ ಮಾಡಿದ್ದೂ ಅಷ್ಟನ್ನೇ.